ಹೆಡ್‌ಲೆಸ್ ಮಲ್ಟಿಸ್ಕೇಲ್ ಬೇಸ್ ಗಿಟಾರ್: ತಯಾರಿಕೆಯ ಗುಣಮಟ್ಟ ಮತ್ತು ನುಡಿಸುವ ಸಲೀಸು

ಬಿರಡೆಗಳನ್ನು ಹೊತ್ತ ತಲೆಭಾಗವಿಲ್ಲದ, ಒಂದೊಂದು ತಂತಿಗೆ ಒಂದೊಂದು ಉದ್ದವಿರುವ ವಿದ್ಯುತ್ ಬೇಸ್ ಗಿಟಾರಿಗೆ ಹೆಡ್‌ಲೆಸ್ ಮಲ್ಟಿಸ್ಕೇಲ್ ಬೇಸ್ ಎಂದು ಹೆಸರು. ಸಾಮಾನ್ಯ ಬೇಸಿನಲ್ಲಿ ನೆಕ್ಕಿನ ತುದಿಯ ಹಲಗೆಯ ಮೇಲೆ ಬಿರಡೆಗಳಿರುತ್ತವೆ. ಇದರಲ್ಲಿ ಅವು ಒಡಲಿನ ಹಿಂತುದಿಗೆ ಸರಿದು ತಂತಿಗಳ ಹಿಂದಿನ ಆಸರೆಯಾದ ಬ್ರಿಡ್ಜಿನ ಜೊತೆಗೇ ಕೂತಿರುತ್ತವೆ. ಸಾಮಾನ್ಯ ಬೇಸಿನ ಎಲ್ಲ ತಂತಿಗಳೂ ನೆಕ್ಕಿನ ತುದಿಯ ಆಸರೆಯಾದ ನಟ್‌ನಿಂದ ಬ್ರಿಡ್ಜಿನವರೆಗೆ ಒಂದೇ ಉದ್ದ, ಬೆರಳಹಲಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳೆಲ್ಲ ಸಮಾಂತರ. ಇದರಲ್ಲಿ ಮಂದ್ರದ ದಪ್ಪ ತಂತಿ ಉದ್ದ, ತೆಳು ತಂತಿ ಗಿಡ್ಡ. ಹಾಗಾಗಿ ಫ್ರೆಟ್‌ಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಳ್ಳುತ್ತವೆ. ನಾಲ್ಕು, ಐದು, ಆರು ತಂತಿಗಳ ಮಾದರಿಗಳು ಸಿಗುತ್ತವೆ. ಐದು ತಂತಿಯದೇ ಹೆಚ್ಚು ಚಾಲ್ತಿಯಲ್ಲಿದೆ.

ಎರಡೂ ಗುಣಗಳು ಒಂದೇ ವಾದ್ಯದಲ್ಲಿ ಕಾಣುವುದರಿಂದ ಅವು ಒಂದೇ ಆಲೋಚನೆಯ ಫಲ ಎಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ತಲೆ ತೆಗೆದದ್ದು ತೂಕ ಮತ್ತು ಸಮತೋಲದ ಸಲುವಾಗಿ, ಉದ್ದ ಬದಲಿಸಿದ್ದು ಮಂದ್ರ ತಂತಿಯ ನಾದದ ಸಲುವಾಗಿ. ಇವನ್ನು ಬೇರೆ ಬೇರೆ ಜನ, ಬೇರೆ ಬೇರೆ ಊರುಗಳಲ್ಲಿ, ಹೆಚ್ಚುಕಡಿಮೆ ಹತ್ತು ವರ್ಷದ ಅಂತರದಲ್ಲಿ ರೂಪಿಸಿದರು. ಇಂಥ ಒಂದು ವಾದ್ಯವನ್ನು ಕೈಗೆತ್ತಿಕೊಂಡು ಅಳೆಯುವಾಗಲೂ ಎರಡನ್ನೂ ಬಿಡಿಸಿ ನೋಡುವುದೇ ಸರಿ. ಓರೆ ಫ್ರೆಟ್‌ಗೆ ಕೈ ಕೆಲವು ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ಕಳಪೆ ಬಿರಡೆಗೆ ಯಾವ ಕೈಯೂ ಒಗ್ಗುವುದಿಲ್ಲ.

ತಲೆ ತೆಗೆದದ್ದು

ಲಿಯೋ ಫೆಂಡರ್ 1951ರಲ್ಲಿ ಕ್ಯಾಲಿಫೋರ್ನಿಯಾದಿಂದ ಪ್ರಿಸಿಷನ್ ಬೇಸ್ ಹೊರತಂದಾಗ ಅದರ ಸ್ಕೇಲ್ ಉದ್ದ, ಅಂದರೆ ನಟ್‌ನಿಂದ ಬ್ರಿಡ್ಜಿನವರೆಗಿನ ತಂತಿಯ ಉದ್ದ, 34 ಅಂಗುಲವಿತ್ತು. ಅದೇ ಅಳತೆ ಮುಂದೆ ಇಡೀ ಬೇಸ್ ಲೋಕದ ರೂಢಿಯಾಯಿತು. ಆ ಉದ್ದದ ನೆಕ್ಕಿನ ತುದಿಯಲ್ಲಿ ಮರದ ತಲೆ, ಅದರ ಮೇಲೆ ಒಂದೊಂದೂ 100 ಗ್ರಾಂಗೆ ಕಡಿಮೆಯಿಲ್ಲದ ನಾಲ್ಕು ಲೋಹದ ಬಿರಡೆಗಳು. ಭಾರ ಅಷ್ಟು ದೂರದಲ್ಲಿ ನೇತಾಡಿದರೆ ಅದರ ಸನ್ನೆಯ ಬಲ ಹೆಚ್ಚುವುದು ಸಹಜ. ನುಡಿಸುವವರು ಎಡಗೈ ಬಿಟ್ಟೊಡನೆ ನೆಕ್ ನೆಲದತ್ತ ವಾಲುತ್ತದೆ. ಬೇಸ್ ವಾದಕರು ಇದನ್ನು ನೆಕ್ ಡೈವ್ ಎನ್ನುತ್ತಾರೆ. ಸ್ವರ ಹಿಡಿಯಬೇಕಾದ ಕೈಯೇ ವಾದ್ಯವನ್ನೂ ಎತ್ತಿ ಹಿಡಿಯುತ್ತಿದ್ದರೆ ಎರಡು ಗಂಟೆಯ ಕಛೇರಿಯ ಕೊನೆಗೆ ಮಣಿಕಟ್ಟು, ಎಡಭುಜ ಎರಡೂ ಸೋತಿರುತ್ತವೆ.

ಇದಕ್ಕೆ ಪೂರ್ಣ ಪ್ರಮಾಣದ ಉತ್ತರ ಕೊಟ್ಟವರು ನೆಡ್ ಸ್ಟೈನ್‌ಬರ್ಗರ್. ಅವರು ಮೂಲತಃ ವಾದ್ಯ ತಯಾರಕರಲ್ಲ, ಪೀಠೋಪಕರಣ ವಿನ್ಯಾಸಕರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಗಿಟಾರ್ ತಯಾರಕ ಸ್ಟುವರ್ಟ್ ಸ್ಪೆಕ್ಟರ್ ಇದ್ದ ಮರಗೆಲಸದ ಶೆಡ್ಡಿನಲ್ಲೇ ಅವರ ಕೆಲಸವೂ ನಡೆಯುತ್ತಿತ್ತು. 1977ರಲ್ಲಿ ಸ್ಪೆಕ್ಟರ್‌ಗಾಗಿ ಮೈಗೆ ಒಪ್ಪುವ ಬಾಗಿದ ಒಡಲಿನ ಎನ್‌ಎಸ್ ಬೇಸನ್ನು ರೂಪಿಸಿದರು. ಆಮೇಲೆ ಕುರ್ಚಿಯನ್ನು ನೋಡುವ ಕಣ್ಣಿನಿಂದಲೇ ಬೇಸನ್ನು ನೋಡಿದರು: ಇದರಲ್ಲಿ ಯಾವ ಭಾಗ ಕೆಲಸ ಮಾಡುತ್ತಿದೆ, ಯಾವುದು ಬರೀ ರೂಢಿಗಾಗಿ ಇದೆ? ತಲೆಯಂತೂ ಬಿರಡೆಗಳಿಗೆ ಜಾಗವಾಗಿತ್ತೇ ಹೊರತು ಬೇರೇನೂ ಅಲ್ಲ. ಬಿರಡೆಗಳನ್ನು ಹಿಂದಕ್ಕೆ ಒಯ್ದರೆ ತಲೆಯೇ ಬೇಡ. ತಲೆಯ ಎದುರು ತೂಗುವುದಕ್ಕೆಂದು ಇದ್ದ ದೊಡ್ಡ ಒಡಲೂ ಆಗ ಬೇಡ. 1980ರ ಸುಮಾರಿಗೆ ಸ್ಟೈನ್‌ಬರ್ಗರ್ ಸೌಂಡ್ ಕಂಪನಿಯಿಂದ ಬಂದ ಎಲ್2 ಬೇಸ್‌ನಲ್ಲಿ ನೆಕ್, ಒಡಲು ಎರಡೂ ಕಾರ್ಬನ್ ನಾರು, ಗಾಜಿನ ನಾರು ಮತ್ತು ಎಪಾಕ್ಸಿಯ ಮಿಶ್ರಣ. ಮರದ ಸುಳಿವೇ ಇರಲಿಲ್ಲ. ತಂತಿಗಳ ಎರಡೂ ತುದಿಗೆ ಗುಂಡು. ಒಂದು ತುದಿ ನೆಕ್ಕಿನ ಕೊನೆಯ ಗಾಡಿಯಲ್ಲಿ, ಅಂದರೆ ಕೊರೆದ ಸೀಳಿನಲ್ಲಿ, ಕೂರುತ್ತದೆ, ಇನ್ನೊಂದನ್ನು ಹಿಂದಿನ ತಿರುಪು ಎಳೆಯುತ್ತದೆ. ಉದ್ದ ಸಾಮಾನ್ಯ ಬೇಸಿಗಿಂತ ಗೇಣಿನಷ್ಟು ಕಡಿಮೆ.

ಕೆನಡಾದ ರಷ್ ತಂಡದ ಗೆಡ್ಡಿ ಲೀ 1980ರ ದಶಕದ ನಡುವೆ ಇದನ್ನೇ ನುಡಿಸಿದರು. ಬೇಸ್ ವಾದಕ ಟೋನಿ ಲೆವಿನ್ ಮೊದಲ ಕೊಳ್ಳುಗರ ಸಾಲಿನಲ್ಲಿದ್ದರು. ಇಂಗ್ಲೆಂಡಿನಲ್ಲಿ ರಾಬ್ ಗ್ರೀನ್ ಅವರ ಸ್ಟೇಟಸ್ ಗ್ರ್ಯಾಫೈಟ್ ತನ್ನದೇ ಹೆಡ್‌ಲೆಸ್ ಬೇಸ್‌ಗಳನ್ನು ಮಾಡಿತು. ಜರ್ಮನಿಯ ಹೋನರ್ ಪರವಾನಗಿ ಪಡೆದು ಅಗ್ಗದ ಮರದ ಆವೃತ್ತಿಗಳನ್ನು ಮಾರಿತು. 1987ರಲ್ಲಿ ಸ್ಟೈನ್‌ಬರ್ಗರ್ ಸೌಂಡ್ ಗಿಬ್ಸನ್ ಕೈ ಸೇರಿತು. 1990ರ ದಶಕದ ಗ್ರಂಜ್ ಸಂಗೀತದ ಗಾಳಿಯಲ್ಲಿ ಈ ಪುಟ್ಟ ಕಪ್ಪು ವಾದ್ಯ ಹಳೆಯ ದಶಕದ ಶೋಕಿಯಂತೆ ಕಂಡು ಮೂಲೆ ಸೇರಿದ್ದೂ ಉಂಟು. ವಿನ್ಯಾಸದಲ್ಲಿ ತಪ್ಪಿರಲಿಲ್ಲ, ನೋಟ ಹಳತಾಗಿತ್ತು, ಅಷ್ಟೇ.

ತಲೆ ತೆಗೆದರೆ ನಾದಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಜಾಹೀರಾತುಗಳು ಹೇಳುವಷ್ಟು ಸರಳವಲ್ಲ. ಬೇಸಿನ ನೆಕ್ಕಿಗೂ ತನ್ನದೇ ಕಂಪನವಿದೆ. ತಂತಿಯ ಸ್ವರ ಆ ಕಂಪನಾಂಕಕ್ಕೆ ಹತ್ತಿರ ಬಂದಾಗ ತಂತಿಯ ಶಕ್ತಿಯನ್ನು ನೆಕ್ ಹೀರಿಕೊಳ್ಳುತ್ತದೆ, ಸ್ವರ ಬೇಗ ಸಾಯುತ್ತದೆ. ಇದೇ ಡೆಡ್ ಸ್ಪಾಟ್. ಜರ್ಮನಿಯ ಧ್ವನಿವಿಜ್ಞಾನಿ ಹೆಲ್ಮುಟ್ ಫ್ಲೈಶರ್ ಇದನ್ನು ಅಳತೆ ಮಾಡಿ ವಿವರಿಸಿದ್ದಾರೆ. ಫೆಂಡರ್ ಮಾದರಿಯ ಬೇಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೆಯ ಫ್ರೆಟ್‌ನ ಆಸುಪಾಸಿನಲ್ಲಿ, ಅಂದರೆ 131ರಿಂದ 147 ಹರ್ಟ್ಜ್‌ನ ನಡುವೆ, ಇದು ಎದ್ದು ಕಾಣುತ್ತದೆ. ತುದಿಯ ಭಾರ ಕಳೆದರೆ ನೆಕ್ಕಿನ ಕಂಪನಾಂಕ ಮೇಲಕ್ಕೆ ಹೋಗುತ್ತದೆ, ಸತ್ತ ಜಾಗ ಬೇರೆ ಕಡೆಗೆ ಸರಿಯುತ್ತದೆ. ಸರಿಯುತ್ತದೆ ಎಂದರೆ ಮಾಯವಾಗುತ್ತದೆ ಎಂದಲ್ಲ. ಎಲ್2ರ ಸಮನಾದ ನಾದಕ್ಕೆ ಕಾರಣ ತಲೆ ಇಲ್ಲದಿದ್ದದ್ದಕ್ಕಿಂತ ಆ ಗಡಸು ಕಾರ್ಬನ್ ನೆಕ್ ಎನ್ನುವುದೇ ಹೆಚ್ಚು ನ್ಯಾಯ.

ಉದ್ದ ಬದಲಾದದ್ದು

ಬೇಸಿನ ರೂಢಿಯ ನಾಲ್ಕು ತಂತಿಗಳಲ್ಲಿ ಅತಿ ಕೆಳಗಿನ ಇ 41.2 ಹರ್ಟ್ಜ್‌ನಲ್ಲಿ ಮಿಡಿಯುತ್ತದೆ. ಬೇಸ್ ವಾದಕ ಆಂಟನಿ ಜಾಕ್ಸನ್ ಅವರಿಗಾಗಿ ವಾದ್ಯ ತಯಾರಕ ಕಾರ್ಲ್ ಥಾಂಪ್ಸನ್ 1975ರಲ್ಲಿ ಮಾಡಿಕೊಟ್ಟ ಆರು ತಂತಿಯ ವಾದ್ಯದಲ್ಲಿ ಅದಕ್ಕೂ ಕೆಳಗಿನ ಬಿ ಬಂತು: 30.87 ಹರ್ಟ್ಜ್. ಐದು ತಂತಿಯ ಬೇಸ್ ಹಬ್ಬಿದ ಮೇಲೆ ಈ ಬಿ ತಂತಿ ಎಲ್ಲರ ತಲೆನೋವಾಯಿತು. 34 ಅಂಗುಲದಲ್ಲಿ ಅಷ್ಟು ಕೆಳಗಿನ ಸ್ವರ ಬರಬೇಕಾದರೆ ತಂತಿ ತೀರಾ ದಪ್ಪವಾಗಬೇಕು. ದಪ್ಪವಾದಷ್ಟೂ ಅದು ತಂತಿಯ ಗುಣ ಬಿಟ್ಟು ಸರಳಿನ ಗುಣ ತೋರಿಸುತ್ತದೆ: ಬಾಗಲು ಮೊಂಡು, ಉಪಸ್ವರಗಳು ತಮ್ಮ ಜಾಗದಿಂದ ಮೇಲಕ್ಕೆ ಜಾರುತ್ತವೆ, ಸ್ವರ ಯಾವುದೆಂದು ಕಿವಿಗೆ ಸ್ಪಷ್ಟವಾಗುವುದಿಲ್ಲ. ತಬಲೆಯ ಡಗ್ಗದ ಪಕ್ಕ ಅದು ಸ್ವರವಾಗಿ ಅಲ್ಲ, ಬರೀ ಗುಮ್ಮೆಂಬ ಸದ್ದಾಗಿ ಕೇಳುತ್ತದೆ.

ಪರಿಹಾರ ಲೆಕ್ಕದಲ್ಲೇ ಇದೆ. ಅದೇ ತಂತಿ, ಅದೇ ಸ್ವರ ಎಂದಿಟ್ಟುಕೊಂಡರೆ ಎಳೆತ ಉದ್ದದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 34ರಿಂದ 35 ಅಂಗುಲಕ್ಕೆ ಹೋದರೆ ಎಳೆತ ಸುಮಾರು ಶೇ. 6 ಹೆಚ್ಚು, 37ಕ್ಕೆ ಹೋದರೆ ಸುಮಾರು ಶೇ. 18. ಉಪಸ್ವರಗಳು ತಪ್ಪುವ ಪ್ರಮಾಣವಂತೂ ಉದ್ದದ ನಾಲ್ಕನೆಯ ಘಾತದಷ್ಟು ಬೇಗ ಇಳಿಯುತ್ತದೆ: 35ರಲ್ಲಿ ಶೇ. 11ರಷ್ಟು, 37ರಲ್ಲಿ ಶೇ. 29ರಷ್ಟು ಕಡಿಮೆ. ಒಂದೇ ಒಂದು ಅಂಗುಲ ಕಿವಿಗೆ ಗೊತ್ತಾಗುತ್ತದೆ ಎಂದು ವಾದಕರು ಹೇಳುವುದು ಭ್ರಮೆಯಲ್ಲ. ಆದರೆ ಎಲ್ಲ ತಂತಿಗಳನ್ನೂ 37 ಅಂಗುಲ ಮಾಡಿದರೆ ಜಿ ತಂತಿ ಕಿರಿಚಲು ಶುರುಮಾಡುತ್ತದೆ, ಬೆರಳು ಚಾಚುವುದೂ ಕಷ್ಟ. ದಪ್ಪ ತಂತಿಗೆ ಮಾತ್ರ ಉದ್ದ ಕೊಡು, ತೆಳುವಿಗೆ ಬೇಡ. ಮಲ್ಟಿಸ್ಕೇಲ್‌ನ ತಿರುಳು ಇಷ್ಟೇ. ಗ್ರ್ಯಾಂಡ್ ಪಿಯಾನೋದ ಒಳಗೆ ಇಣುಕಿದವರಿಗೆ ಇದು ಹೊಸತಲ್ಲ. 17ನೆಯ ಶತಮಾನದ ಇಂಗ್ಲೆಂಡಿನ ಓರ್ಫೇರಿಯನ್ ಎಂಬ ಲೋಹತಂತಿ ವಾದ್ಯದಲ್ಲೂ ಓರೆ ಫ್ರೆಟ್‌ಗಳಿದ್ದವು.

ಈ ಕಾಲದ ವಿದ್ಯುತ್ ಗಿಟಾರಿಗೆ ಅದನ್ನು ತಂದವರು ಅಮೆರಿಕದ ರಾಲ್ಫ್ ನೊವಾಕ್. ಅವರ ಫ್ಯಾನ್ಡ್ ಫ್ರೆಟ್ ವಿನ್ಯಾಸಕ್ಕೆ 1989ರಲ್ಲಿ ಪೇಟೆಂಟ್ ಸಿಕ್ಕಿತು. 1990ರ ದಶಕದಲ್ಲಿ ಕೆನಡಾದ ಸಾಸ್ಕಟೂನ್‌ನ ಶೆಲ್ಡನ್ ಡಿಂಗ್‌ವಾಲ್ ಪರವಾನಗಿ ಪಡೆದು ಅದನ್ನು ಬೇಸಿಗೆ ಒಗ್ಗಿಸಿದರು. ಡಿಂಗ್‌ವಾಲ್‌ನ ಐದು ತಂತಿಯ ಬೇಸ್‌ಗಳಲ್ಲಿ ಜಿ 34 ಅಂಗುಲ, ಬಿ 37 ಅಂಗುಲ. ಪೆರಿಫೆರಿ ಎಂಬ ಮೆಟಲ್ ತಂಡದಲ್ಲಿದ್ದ ಆಡಮ್ ‘ನಾಲಿ’ ಗೆಟ್‌ಗುಡ್ ಹೆಸರಿನ ಎನ್‌ಜಿ ಮಾದರಿ ಆಧುನಿಕ ಮೆಟಲ್ ಸಂಗೀತದ ಬೇಸ್ ನಾದಕ್ಕೆ ಒಂದು ಮಾನದಂಡವೇ ಆಗಿಹೋಗಿದೆ. ಇವುಗಳಿಗೆ ತಲೆ ಇತ್ತು, ಇದೆ. ಪೇಟೆಂಟ್ ಅವಧಿ ಮುಗಿದ ಮೇಲೆ ಓರೆ ಫ್ರೆಟ್ ಎಲ್ಲರ ಸೊತ್ತಾಯಿತು.

ಎರಡೂ ಕೂಡಿದ್ದು

ಕೂಡಿಸಿದ ಶ್ರೇಯ ಒಬ್ಬರಿಗೇ ಸಲ್ಲುವುದಿಲ್ಲವಾದರೂ ಸ್ವೀಡನ್ನಿನ ಉಪ್ಸಾಲಾದ ಓಲಾ ಸ್ಟ್ರಾಂಡ್‌ಬರ್ಗ್ ಹೆಸರು ಮೊದಲು ಬರಬೇಕು. 2007ರಲ್ಲಿ ಹವ್ಯಾಸವಾಗಿ ಶುರುಮಾಡಿದ ಅವರು ತಂತಿಗೊಂದರಂತೆ ಬಿಡಿಬಿಡಿಯಾದ ಪುಟ್ಟ ಬ್ರಿಡ್ಜ್‌ಗಳನ್ನು ರೂಪಿಸಿ, ಅವುಗಳ ವಿನ್ಯಾಸವನ್ನು ಬೇರೆಯವರೂ ಬಳಸಿಕೊಳ್ಳಲು ಬಿಟ್ಟುಕೊಟ್ಟರು. ಈ ಬಿಡಿ ಬ್ರಿಡ್ಜೇ ಕೊಂಡಿಯಾಯಿತು. ಸಾಮಾನ್ಯ ಬ್ರಿಡ್ಜ್ ಒಂದೇ ತಗಡು, ಅದನ್ನು ಓರೆಯಾಗಿ ಕೂರಿಸಲಾಗದು. ಪ್ರತಿ ಓರೆಗೆ ಹೊಸ ಅಚ್ಚು ಬೇಕು. ಬಿಡಿ ಬ್ರಿಡ್ಜ್ ಆದರೆ ಮರದ ಮೇಲೆ ಯಾವ ಲೆಕ್ಕಕ್ಕೆ ಬೇಕೋ ಆ ಲೆಕ್ಕಕ್ಕೆ ಮೆಟ್ಟಿಲುಮೆಟ್ಟಿಲಾಗಿ ಜೋಡಿಸಬಹುದು, ಬಿರಡೆಯೂ ಅದರಲ್ಲೇ ಇರುತ್ತದೆ. ಹೆಡ್‌ಲೆಸ್ ಮತ್ತು ಮಲ್ಟಿಸ್ಕೇಲ್ ಜೋಡಿಯಾದದ್ದು ಸಿದ್ಧಾಂತದಿಂದಲ್ಲ, ಈ ಯಂತ್ರಭಾಗದ ಅನುಕೂಲದಿಂದ.

ಅಮೆರಿಕದ ಕೀಸಲ್‌ನ ವೇಡರ್ ಬೇಸ್, ಸ್ಟ್ರಾಂಡ್‌ಬರ್ಗ್‌ನ ಬೋಡೆನ್ ಬೇಸ್ ಹೀಗೆ ಹಲವು ಬಂದವು. ಜಪಾನಿನ ಇಬಾನೆಜ್ 2020ರಲ್ಲಿ ಇಎಚ್‌ಬಿ ಸರಣಿ ಬಿಡುಗಡೆ ಮಾಡಿದ ಮೇಲೆ ಈ ಜಾತಿಯ ವಾದ್ಯ ಸಾಮಾನ್ಯ ಅಂಗಡಿಗೂ ಇಳಿಯಿತು. ಇಂಡೊನೇಷ್ಯಾದಲ್ಲಿ ತಯಾರಾಗುವ ಇದರ ಮಲ್ಟಿಸ್ಕೇಲ್ ಮಾದರಿಗಳ ಉದ್ದ 33ರಿಂದ 35 ಅಂಗುಲ. ಡಿಂಗ್‌ವಾಲ್‌ನ ಮೂರು ಅಂಗುಲದ ವ್ಯತ್ಯಾಸಕ್ಕೆ ಹೋಲಿಸಿದರೆ ಇದು ಸಂಧಾನದ ಅಳತೆ: ಬಿ ತಂತಿಗೆ ಶೇ. 6ರಷ್ಟು ಬಿಗುವು ಸಿಗುತ್ತದೆ, ಜಿ ತಂತಿ ಅಷ್ಟೇ ಪ್ರಮಾಣದಲ್ಲಿ ಮೆತ್ತಗಾಗುತ್ತದೆ, ಕೈ ಬೆಚ್ಚಿಬೀಳುವುದಿಲ್ಲ. ಮೆಟಲ್ ತಂಡದಲ್ಲಿ ಬಿ ತಂತಿಯನ್ನು ಇನ್ನೂ ಕೆಳಕ್ಕೆ ಇಳಿಸಿ ನುಡಿಸುವವರಿಗೆ 35 ಸಾಲದೆನಿಸಬಹುದು. ಉಳಿದವರಿಗೆ ಸಾಕು.

ಬಿರಡೆ ಮತ್ತು ಬ್ರಿಡ್ಜ್

ಐದು ತಂತಿಗಳ ಒಟ್ಟು ಎಳೆತ ಸುಮಾರು 90ರಿಂದ 100 ಕಿಲೋ ತೂಕಕ್ಕೆ ಸಮ. ಅಂದರೆ ಒಂದೊಂದು ಬಿರಡೆಯೂ 20 ಕಿಲೋದಷ್ಟು ಭಾರವನ್ನು ಹಗಲಿರುಳು ಹಿಡಿದಿಟ್ಟಿರಬೇಕು. ತಲೆಯ ಮೇಲಿನ ಹಳೆಯ ಬಿರಡೆ ಹಲ್ಲುಚಕ್ರದಿಂದ ತಂತಿಯನ್ನು ಗೂಟಕ್ಕೆ ಸುತ್ತುತ್ತದೆ. ನೂರು ವರ್ಷ ಪಳಗಿದ ಯಂತ್ರ ಅದು, ಅಗ್ಗದ್ದೂ ಒಂದು ಮಟ್ಟಕ್ಕೆ ಕೆಲಸ ಮಾಡುತ್ತದೆ. ಹೆಡ್‌ಲೆಸ್ ಬಿರಡೆ ಹಾಗಲ್ಲ. ಬೆರಳಲ್ಲಿ ತಿರುಗಿಸುವ ಗುಬುಟು ಒಂದು ಸಣ್ಣ ಎಳೆಯ ತಿರುಪನ್ನು ತಿರುಗಿಸುತ್ತದೆ, ಆ ತಿರುಪು ತಂತಿಯ ಗುಂಡನ್ನು ಹಿಡಿದ ಪೆಟ್ಟಿಗೆಯನ್ನು ನೇರವಾಗಿ ಹಿಂದಕ್ಕೆ ಎಳೆಯುತ್ತದೆ. 20 ಕಿಲೋ ಭಾರದಡಿ ಲೋಹಕ್ಕೆ ಲೋಹ ಉಜ್ಜುವ ಜಾಗದಲ್ಲೇ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಇರುವ ಅಂತರ ಕಾಣುವುದು. ಗುಬುಟಿನ ಹಿಂದೆ ಪುಟ್ಟ ಬೇರಿಂಗ್ ಇಟ್ಟ ಬಿರಡೆ ಹೆಬ್ಬೆರಳು ಮತ್ತು ತೋರುಬೆರಳಿಗೆ ಸಲೀಸಾಗಿ ತಿರುಗುತ್ತದೆ. ಬರೀ ಹಿತ್ತಾಳೆ ಬಿಲ್ಲೆ ಇಟ್ಟದ್ದು ಬಿ ತಂತಿಯಲ್ಲಿ ಕಿರುಗುಟ್ಟುತ್ತದೆ, ತಿರುಗಿಸಿದಷ್ಟು ಹೊತ್ತು ಶ್ರುತಿ ಕದಲುವುದಿಲ್ಲ, ಆಮೇಲೆ ಒಮ್ಮೆಲೇ ನೆಗೆಯುತ್ತದೆ.

ಅಂಗಡಿಯಲ್ಲಿ ಪರೀಕ್ಷಿಸುವ ಬಗೆ ಸುಲಭ. ಬಿ ತಂತಿಯನ್ನು ಒಂದು ಸ್ವರ ಇಳಿಸಿ, ಟ್ಯೂನರಿನ ಮುಳ್ಳು ನೋಡುತ್ತಾ ನಿಧಾನ ಏರಿಸಬೇಕು. ಮುಳ್ಳು ಸಮನಾಗಿ ಏರಿದರೆ ಸರಿ. ನಿಂತು ನಿಂತು ಹಾರಿದರೆ ಆ ಬಿರಡೆ ಮುಂದೆಯೂ ಹೀಗೆಯೇ. ನಂತರ ತಂತಿ ಕೂರುವ ಸ್ಯಾಡಲನ್ನು ಬೆರಳಲ್ಲಿ ಪಕ್ಕಕ್ಕೆ ಅಲುಗಿಸಿ ನೋಡಬೇಕು. ಬಿಡಿ ಬ್ರಿಡ್ಜ್‌ಗಳಿಗೆ ಅಕ್ಕಪಕ್ಕದ ಆಸರೆ ಇಲ್ಲದ್ದರಿಂದ ಕೂದಲೆಳೆಯಷ್ಟು ಸಡಿಲವಿದ್ದರೂ ಜೋರಾಗಿ ಮಿಡಿದಾಗ ಎಲ್ಲಿಂದಲೋ ಝೇಂಕಾರ ಬರುತ್ತದೆ. ಫ್ರೆಟ್ ಎತ್ತರದ ದೋಷವೆಂದು ತಿಳಿದು ಅದನ್ನು ಉಜ್ಜಿಸಲು ಹೋಗುವವರೂ ಉಂಟು.

ತಿರುಪು ಓಡುವ ದೂರಕ್ಕೂ ಮಿತಿ ಇದೆ; ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್. ತಂತಿಯನ್ನು ಮೊದಲೇ ಬಿಗಿಯಾಗಿ ಎಳೆದು ಮುಂದಿನ ಗಾಡಿಯಲ್ಲಿ ಕಚ್ಚಿಸದಿದ್ದರೆ ತಿರುಪು ಕೊನೆಮುಟ್ಟಿದರೂ ಶ್ರುತಿ ಬಂದಿರುವುದಿಲ್ಲ. ಇನ್ನೊಂದು ವಿಷಯವನ್ನು ತಯಾರಕರು ಕೈಪಿಡಿಯಲ್ಲಿ ಇನ್ನೂ ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕು: ಬಿರಡೆ ಇರುವುದು ಬಲ ಅಂಗೈ ಒರಗುವ ಜಾಗದಲ್ಲೇ, ಬೆವರು ನೇರ ಅದರ ಮೇಲೆ ಇಳಿಯುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಆಗಾಗ ಒರೆಸಿ ಎಣ್ಣೆ ಕಾಣಿಸದ ತಿರುಪು ತುಕ್ಕು ಹಿಡಿದು ಕಚ್ಚಿಕೊಳ್ಳುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ.

ಓರೆ ಫ್ರೆಟ್‌ನ ಕೆಲಸ

ಓರೆ ಎಷ್ಟಿರಬೇಕು ಎಂಬುದನ್ನು ಎರಡು ಸಂಗತಿ ನಿರ್ಧರಿಸುತ್ತವೆ: ಉದ್ದಗಳ ವ್ಯತ್ಯಾಸ ಮತ್ತು ಯಾವ ಫ್ರೆಟ್ ನೆಟ್ಟಗಿದೆ ಎಂಬುದು. ನೆಟ್ಟಗಿರುವ ಫ್ರೆಟ್‌ನ ಇಬ್ಬದಿಗೂ ಉಳಿದವು ಎದುರುಬದುರಾಗಿ ವಾಲುತ್ತವೆ. 33ರಿಂದ 35 ಅಂಗುಲದ ಬೇಸಿನಲ್ಲಿ ಏಳನೆಯ ಫ್ರೆಟ್ ನೆಟ್ಟಗಿದೆ ಎನ್ನೋಣ. ಆಗ ನಟ್‌ನ ಎರಡು ಕೊನೆಗಳ ನಡುವೆ ಸುಮಾರು 17 ಮಿ.ಮೀ. ಹಿಂದುಮುಂದು, ಬ್ರಿಡ್ಜಿನಲ್ಲಿ 34 ಮಿ.ಮೀ. ಹನ್ನೆರಡನೆಯದನ್ನು ನೆಟ್ಟಗೆ ಮಾಡಿದರೆ ಎರಡೂ ಕಡೆ 25.4 ಮಿ.ಮೀ. ಬ್ರಿಡ್ಜ್ ಅಗಲವಾದ್ದರಿಂದ ಅಲ್ಲಿ ಓರೆ ತಡೆಯುತ್ತದೆ. ನಟ್ ಕಿರಿದಾದ್ದರಿಂದ ಅಲ್ಲಿ ಅದೇ ಓರೆ ಕಡಿದಾಗಿ ಕಾಣುತ್ತದೆ, ಮೊದಲ ಫ್ರೆಟ್‌ನ ಬಳಿ ಮಣಿಕಟ್ಟು ತಿರುಚಬೇಕಾಗುತ್ತದೆ. ಆದ್ದರಿಂದಲೇ ಬಹುಪಾಲು ಬುದ್ಧಿವಂತ ವಿನ್ಯಾಸಗಳಲ್ಲಿ ನೆಟ್ಟಗಿನ ಫ್ರೆಟ್ ಏಳರಿಂದ ಒಂಬತ್ತರ ಆಸುಪಾಸಿನಲ್ಲಿ ಬರುತ್ತದೆ.

ಫ್ರೆಟ್ ಕೂರುವ ಸೀಳುಗಳನ್ನು ಈಗ ಕಂಪ್ಯೂಟರ್ ಹಿಡಿತದ ಯಂತ್ರ ಕೊಯ್ಯುತ್ತದೆ, ಅಲ್ಲಿ ತಪ್ಪು ಕಡಿಮೆ. ತಪ್ಪು ಶುರುವಾಗುವುದು ಕೈಕೆಲಸದಲ್ಲಿ. ನೇರ ಫ್ರೆಟ್ ನೆಕ್ಕಿನ ಅಂಚನ್ನು ಲಂಬವಾಗಿ ಮುಟ್ಟುತ್ತದೆ. ಓರೆ ಫ್ರೆಟ್ ಒಂದು ಮಗ್ಗುಲಲ್ಲಿ ಚೂಪಾಗಿ, ಇನ್ನೊಂದು ಮಗ್ಗುಲಲ್ಲಿ ಮೊಂಡಾಗಿ ಮುಟ್ಟುತ್ತದೆ. ಸಾಮಾನ್ಯ ಅರದಿಂದ ಎಲ್ಲವನ್ನೂ ಒಂದೇ ಕೋನದಲ್ಲಿ ಉಜ್ಜಿದರೆ ಆ ಚೂಪು ಮೂಲೆ ಹಾಗೇ ಉಳಿದುಬಿಡುತ್ತದೆ. ನೆಕ್ಕಿನ ಕೆಳ ಅಂಚಿನ ಮೇಲೆ ಬೆರಳನ್ನು ಮೊದಲ ಫ್ರೆಟ್‌ನಿಂದ ಹನ್ನೆರಡರವರೆಗೆ ಎಳೆದರೆ ಸಾಕು, ಉಗುರಿನ ಬುಡಕ್ಕೆ ತಗುಲುವ ಮುಳ್ಳುಗಳು ಎಷ್ಟೆಂದು ಗೊತ್ತಾಗುತ್ತದೆ. ಒಳ್ಳೆಯ ಕಾರ್ಖಾನೆಯಲ್ಲಿ ಪ್ರತಿ ತುದಿಯನ್ನೂ ಬಿಡಿಯಾಗಿ ಉರುಟು ಮಾಡುತ್ತಾರೆ. ಬೆಲೆಯ ಒಂದು ಪಾಲು ಈ ಬೇಸರದ ಕೆಲಸಕ್ಕೇ ಹೋಗುತ್ತದೆ. ಉಕ್ಕಿನ ಫ್ರೆಟ್ ಆದರೆ ಇನ್ನೂ ಕಷ್ಟ, ಅರ ಸವೆಯುತ್ತದೆ. ಆದರೆ ಒಮ್ಮೆ ಮಾಡಿಟ್ಟರೆ ವರ್ಷಗಟ್ಟಲೆ ಸವೆಯುವುದಿಲ್ಲ.

ನಟ್‌ನ ಗಾಡಿಗಳನ್ನೂ ತಂತಿಯ ದಿಕ್ಕಿಗೆ ಕೊರೆಯಬೇಕು, ಓರೆ ನಟ್‌ಗೆ ಲಂಬವಾಗಿ ಅಲ್ಲ. ಈ ಗೊಡವೆಯೇ ಬೇಡವೆಂದು ಅನೇಕರು ನಟ್‌ನ ಮುಂದೆಯೇ ಝೀರೋ ಫ್ರೆಟ್ ಎಂಬ ಇನ್ನೊಂದು ಫ್ರೆಟ್ ಹಾಕುತ್ತಾರೆ. ಬಿಟ್ಟ ತಂತಿಯೂ ಒತ್ತಿದ ತಂತಿಯೂ ಆಗ ಒಂದೇ ಬಗೆಯ ಲೋಹದ ಮೇಲೆ ಕೂರುತ್ತವೆ, ನಾದ ಒಂದೇ ತೆರನಾಗಿರುತ್ತದೆ. ಆದರೆ ಗಾಡಿಯಿಂದ ಝೀರೋ ಫ್ರೆಟ್‌ಗೆ ತಂತಿ ಇಳಿಯುವ ಕೋನ ತೀರಾ ಸಪಾಟಾದರೆ ಬಿಟ್ಟ ಬಿ ತಂತಿ ಗೊರಗೊರ ಅನ್ನುತ್ತದೆ.

ತಂತಿಯ ಕಂಪನವನ್ನು ಹಿಡಿಯುವ ಪಿಕಪ್‌ಗಳು ಬ್ರಿಡ್ಜಿನ ಓರೆಯನ್ನು ಅನುಸರಿಸಿ ಕೂತಿರಬೇಕು. ಕಾಸು ಉಳಿಸಲು ನೇರ ಪಿಕಪ್ಪನ್ನು ನೇರವಾಗಿಯೇ ಕೂರಿಸಿದ ವಾದ್ಯಗಳಲ್ಲಿ ಬಿ ತಂತಿ ಬ್ರಿಡ್ಜಿನಿಂದ ದೂರದ ಬಿಂದುವಿನಲ್ಲಿ ಸಿಕ್ಕಿ ಮಂಕಾಗುತ್ತದೆ, ಜಿ ತಂತಿ ಹತ್ತಿರದಲ್ಲಿ ಸಿಕ್ಕಿ ಚುರುಕಾಗುತ್ತದೆ. ಉದ್ದ ಕೊಟ್ಟು ಗಳಿಸಿದ ಸ್ಪಷ್ಟತೆಯನ್ನು ಇಲ್ಲಿ ಕಳೆದಂತೆ. ಉಳಿದ ವಿದ್ಯುತ್ ಭಾಗಗಳಲ್ಲಿ, ಅಂದರೆ 9 ವೋಲ್ಟ್ ಬ್ಯಾಟರಿ, ಪ್ರೀಆಂಪ್, ಗುಬುಟುಗಳಲ್ಲಿ, ಈ ಜಾತಿಯ ಬೇಸಿಗೇ ವಿಶೇಷವಾದದ್ದು ಏನಿಲ್ಲ.

ಮರ

ಕಾರ್ಬನ್ ಒಡಲಿನ ಕಾಲ ಮುಗಿದು ಈಗ ಬಹುತೇಕ ಎಲ್ಲವೂ ಮರದವೇ: ಮೇಪಲ್ ಪಟ್ಟಿಗಳನ್ನು ಅಂಟಿಸಿದ ನೆಕ್, ಒಳಗೆ ಕಾರ್ಬನ್ ಅಥವಾ ಟೈಟೇನಿಯಂ ಸರಳು. ತೂಕ ಇಳಿಸಲು ಒಡಲಿನೊಳಗೆ ಟೊಳ್ಳು ಮಾಡುವುದುಂಟು. ಬೆರಳಹಲಗೆಗೆ ನಮ್ಮ ಪಶ್ಚಿಮ ಘಟ್ಟದ ಬೀಟೆ ಮರವನ್ನು ಜಗತ್ತಿನ ಗಿಟಾರ್ ಕಾರ್ಖಾನೆಗಳು ದಶಕಗಳಿಂದ ಬಳಸಿವೆ. 2017ರ ಜನವರಿಯಲ್ಲಿ ಬೀಟೆಯ ಕುಲದ ಎಲ್ಲ ಮರಗಳೂ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟೀಸ್ ಒಪ್ಪಂದದ ನಿರ್ಬಂಧಕ್ಕೆ ಒಳಪಟ್ಟಾಗ, ಬೀಟೆ ಬಳಸಿದ ಗಿಟಾರನ್ನು ಗಡಿ ದಾಟಿಸಿ ಮಾರಲು ಕಾಗದಪತ್ರ ಬೇಕಾಯಿತು, ತಯಾರಕರು ಪಾಂಗಾ ಪಾಂಗಾ, ಪೌ ಫೆರೋದಂಥ ಬೇರೆ ಮರಗಳತ್ತ ಹೊರಳಿದರು. 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತಾದರೂ ಆ ಮರಗಳಲ್ಲಿ ಕೆಲವು ಉಳಿದುಕೊಂಡವು. ನಾದದ ಮೇಲೆ ಬೆರಳಹಲಗೆಯ ಮರದ ಪ್ರಭಾವವೆಷ್ಟು ಎಂಬ ಚರ್ಚೆಗೆ ವ್ಯಾಪಾರಿಗಳ ಪಾಲೇ ಜಾಸ್ತಿ. ಮರ ಚೆನ್ನಾಗಿ ಒಣಗಿದೆಯೇ ಎಂಬುದು ಮಾತ್ರ ನಿಜಕ್ಕೂ ಮುಖ್ಯ. ಒಣಗದ ಹಲಗೆ ಬೇಸಗೆಯಲ್ಲಿ ಕುಗ್ಗಿ ಫ್ರೆಟ್ ತುದಿಗಳು ಹೊರಚಾಚುತ್ತವೆ, ಮಳೆಗಾಲದಲ್ಲಿ ಹಿಗ್ಗಿ ನೆಕ್ ಬಾಗುತ್ತದೆ. ನೆಕ್ಕಿನ ಬಾಗು ತಿದ್ದುವ ಸರಳಿಗೆ ಒಡಲಿನ ಬಳಿಯೇ ಚಕ್ರವಿಟ್ಟ ಮಾದರಿಯಾದರೆ ಅದನ್ನು ಒಂದು ಕಡ್ಡಿಯಿಂದ ತಿರುಗಿಸಿ ಕ್ಷಣದಲ್ಲಿ ಸರಿಮಾಡಬಹುದು.

ಕೈಯಲ್ಲಿ ಹಿಡಿದಾಗ

ನಿಂತು ನುಡಿಸುವಾಗ ಒಳ್ಳೆಯ ಹೆಡ್‌ಲೆಸ್ ಬೇಸ್ ಇಟ್ಟಲ್ಲೇ ನಿಲ್ಲುತ್ತದೆ. ಎರಡೂ ಕೈ ಬಿಟ್ಟರೂ ನೆಕ್ ವಾಲುವುದಿಲ್ಲ. ಹೆಬ್ಬೆರಳು ನೆಕ್ಕಿನ ಬೆನ್ನಿನಲ್ಲಿ ಆಧಾರಕ್ಕಷ್ಟೇ ಇರುತ್ತದೆ, ಅಂಗೈ ಬಿಗಿಯುವುದಿಲ್ಲ. ಸಣ್ಣ ವೇದಿಕೆಯಲ್ಲಿ ಡ್ರಮ್ಮಿನ ಸಿಂಬಲ್ಲಿಗೆ ತಲೆ ಬಡಿಯುವ ಭಯ ತಪ್ಪುತ್ತದೆ, ಬಸ್ಸಿನ ಸೀಟಿನ ಪಕ್ಕ ಚೀಲ ನಿಲ್ಲುತ್ತದೆ. ಕುಳಿತಾಗ ಒಡಲು ಚಿಕ್ಕದಾದ್ದರಿಂದ ತೊಡೆಯ ಮೇಲೆ ಜಾರುವ ಮಾದರಿಗಳೂ ಇವೆ. ಸ್ಟೈನ್‌ಬರ್ಗರ್ ಇದಕ್ಕೆಂದೇ ಮಡಚುವ ಕಾಲೂರೆ ಇಟ್ಟಿದ್ದರು. ಇಂದಿನವರು ಒಡಲಿನ ಕೆಳ ಅಂಚನ್ನು ಎರಡು ಕಡೆ ಕೆತ್ತಿ, ನೆಕ್ ಸ್ವಲ್ಪ ಮೇಲೆದ್ದಿರುವಂತೆ ಕೂರಿಸುತ್ತಾರೆ. ಓರೆ ಫ್ರೆಟ್‌ಗೆ ಆ ಕೋನವೇ ಹೊಂದುವುದು.

ಎಡಗೈಗೆ ಮೊದಲ ಕೆಲವು ಫ್ರೆಟ್‌ಗಳಲ್ಲಿ ಓರೆ ಅನುಕೂಲವೇ. ಮೊಣಕೈ ಮಡಚಿ ಕೈ ಚಾಚಿದಾಗ ಬೆರಳುಗಳು ತಾವಾಗಿ ಸ್ವಲ್ಪ ವಾಲಿ ಹರಡುತ್ತವೆ, ಫ್ರೆಟ್ ಕೂಡ ಹಾಗೆಯೇ ಹರಡಿರುತ್ತದೆ. ಕಷ್ಟ ಬರುವುದು ಚಾಚುವ ಅಳತೆಯಲ್ಲಿ. ಮೊದಲ ಫ್ರೆಟ್‌ನಿಂದ ನಾಲ್ಕನೆಯದಕ್ಕೆ 34 ಅಂಗುಲದ ಬೇಸಿನಲ್ಲಿ ಸುಮಾರು 130 ಮಿ.ಮೀ.; 35 ಅಂಗುಲದ ಬಿ ತಂತಿಯಲ್ಲಿ 133ಕ್ಕೂ ಹೆಚ್ಚು, 37ರಲ್ಲಿ 141. ಸಣ್ಣ ಕೈಯವರು ಬೆರಳಿಗೊಂದು ಫ್ರೆಟ್ ಎಂಬ ಹಟ ಬಿಟ್ಟು, ಕೊಂಟ್ರಾಬೇಸ್ ನುಡಿಸುವವರಂತೆ ಒಂದು, ಎರಡು, ನಾಲ್ಕನೆಯ ಬೆರಳುಗಳಲ್ಲಿ ಹಿಡಿದು ಕೈಯನ್ನೇ ಸರಿಸುವುದು ಲೇಸು. ಜಿ ತಂತಿಯಲ್ಲಿ ಇದಕ್ಕೆ ತದ್ವಿರುದ್ಧ: 33 ಅಂಗುಲದಲ್ಲಿ ಬರೀ 126 ಮಿ.ಮೀ., ಮೇಲಿನ ಸ್ವರಗಳ ಓಟ ಹಗುರ.

ಕೊರಗು ನಿಜವಾಗಿ ಹುಟ್ಟುವುದು ಹನ್ನೆರಡನೆಯ ಫ್ರೆಟ್ ದಾಟಿದ ಮೇಲೆ ಹಿಡಿಯುವ ಸ್ವರಮೇಳಗಳಲ್ಲಿ. ಅಲ್ಲಿ ಓರೆ ತಿರುಗುಮುರುಗಾಗಿರುತ್ತದೆ. ಒಂದೇ ಬೆರಳಿನಿಂದ ಮೂರು ತಂತಿ ಅಡ್ಡ ಒತ್ತುವ ಬಾರ್ ಹಿಡಿತಕ್ಕೆ ಮಣಿಕಟ್ಟು ಒಳಮುಖವಾಗಿ ಬಾಗಬೇಕು. ಸಾಮಾನ್ಯ ಬೇಸ್ ಲೈನ್ ನುಡಿಸುವವರಿಗೆ ಇದು ತಿಳಿಯುವುದೂ ಇಲ್ಲ. ಸ್ವರಮೇಳ, ಟ್ಯಾಪಿಂಗ್ ಮಾಡುವವರು ಕೊಳ್ಳುವ ಮುನ್ನ 15ನೆಯ ಫ್ರೆಟ್‌ನ ಮೇಲೆ ಹತ್ತು ನಿಮಿಷ ಕಳೆಯಲೇಬೇಕು. ಫ್ರೆಟ್ ನೋಡದೆ ನುಡಿಸುವ ಅಭ್ಯಾಸವಿದ್ದವರು ಓರೆಯನ್ನು ಬೇಗ ಮರೆಯುತ್ತಾರೆ. ಕಣ್ಣಿಟ್ಟು ನುಡಿಸುವವರೇ ಎಡವುವುದು ಹೆಚ್ಚು. ಹೆಡ್‌ಲೆಸ್‌ನಲ್ಲಿ ಇನ್ನೊಂದು ತಮಾಷೆ: ತಲೆ ಇಲ್ಲದ್ದರಿಂದ ನೆಕ್ ಎಲ್ಲಿ ಮುಗಿಯಿತೆಂಬ ಗುರುತು ಕಣ್ಣಂಚಿಗೆ ಸಿಗದೆ, ಮೊದಲ ದಿನಗಳಲ್ಲಿ ಕೈ ಒಂದು ಫ್ರೆಟ್ ಆಚೀಚೆ ಹೋಗುತ್ತದೆ.

ಬಲಗೈಯ ಕಡೆ ಬದಲಾವಣೆ ಕಡಿಮೆ. ಓರೆ ಬ್ರಿಡ್ಜ್ ಅಂಗೈಯ ಸಹಜ ಓರೆಗೆ ಹತ್ತಿರವಿರುವುದರಿಂದ ತಂತಿಯನ್ನು ಅಂಗೈಯಿಂದ ಅದುಮಿ ನುಡಿಸುವುದು ಸಲೀಸು. ಸ್ಲ್ಯಾಪ್ ಮಾಡುವವರಿಗೆ ಬಿ ತಂತಿಯ ಬಿಗುವು ವರವೇ, ಹೆಬ್ಬೆರಳು ಬಡಿದ ಕೂಡಲೇ ತಂತಿ ಪುಟಿಯುತ್ತದೆ. ಸ್ಟ್ರಾಂಡ್‌ಬರ್ಗ್ ನೆಕ್ಕಿನ ಬೆನ್ನು ಉರುಟಾಗಿರದೆ ಸಪಾಟು ಮುಖಗಳಿಂದ ಕೂಡಿ, ಉದ್ದಕ್ಕೂ ಕೋನ ಬದಲಿಸುತ್ತದೆ. ಹೆಬ್ಬೆರಳನ್ನು ಸರಿಯಾದ ಜಾಗಕ್ಕೆ ತಳ್ಳುವುದು ಅದರ ಉದ್ದೇಶ. ಕೆಲವರು ಅದಿಲ್ಲದೆ ನುಡಿಸಲಾರೆವು ಎನ್ನುತ್ತಾರೆ, ಕೆಲವರು ಒಂದು ವಾರದಲ್ಲಿ ಮಾರಿಬಿಡುತ್ತಾರೆ. ನಡುವಿನ ಮಾತು ಕೇಳಿಬರುವುದು ಅಪರೂಪ.

ತಂತಿ ಮತ್ತು ನಿರ್ವಹಣೆ

ಎರಡು ತುದಿಗೂ ಗುಂಡಿರುವ ತಂತಿಗಳು ಭಾರತದ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವ ಸರಕಲ್ಲ. ಇಂದಿನ ಬಹುಪಾಲು ಮಾದರಿಗಳಿಗೆ ಒಂದೇ ಗುಂಡಿನ ಸಾಮಾನ್ಯ ತಂತಿ ಸಾಕು. ಇನ್ನೊಂದು ತುದಿಯನ್ನು ನೆಕ್ಕಿನ ಕೊನೆಯಲ್ಲಿ ಪುಟ್ಟ ತಿರುಪು ಕಚ್ಚಿ ಹಿಡಿಯುತ್ತದೆ. ತಂತಿ ಹಾಕುವಾಗ ಕ್ರಮ ತಪ್ಪಬಾರದು. ಗುಂಡನ್ನು ಹಿಂದೆ ಕೂರಿಸಿ, ಬಿರಡೆಯನ್ನು ಪೂರ್ತಿ ಸಡಿಲಿಸಿ, ಇಕ್ಕಳದಿಂದ ತಂತಿಯನ್ನು ಎಳೆದು ಹಿಡಿದು ಮುಂದಿನ ತಿರುಪು ಬಿಗಿಯಬೇಕು. ಮಿಕ್ಕಿದ್ದನ್ನು ಕತ್ತರಿಸುವುದು ಆಮೇಲೆ, ಅದೂ ತುದಿಯನ್ನು ಲಂಬವಾಗಿ ಬಗ್ಗಿಸಿದ ಬಳಿಕ. ಮೊದಲೇ ಕತ್ತರಿಸಿದರೆ ಒಳಗಿನ ತಿರುಳಿನ ಮೇಲಿನ ಸುತ್ತು ಸಡಿಲವಾಗಿ ಹೊಸ ತಂತಿಯೇ ಸತ್ತ ಸದ್ದು ಕೊಡುತ್ತದೆ. ತುದಿಯ ಬಣ್ಣದ ರೇಷ್ಮೆ ನೂಲು ತಿರುಪಿನಡಿ ಸಿಕ್ಕಿದರೆ ತಂತಿ ನಿಧಾನವಾಗಿ ಜಾರುತ್ತಲೇ ಇರುತ್ತದೆ. ಬಿರಡೆಯನ್ನು ಬೈಯುವ ಮುನ್ನ ಅಲ್ಲಿ ನೋಡಬೇಕು. 37 ಅಂಗುಲದ ಬಿ ತಂತಿಗೆ ಅಂಗಡಿಯ ಸಾಮಾನ್ಯ ಸೆಟ್ ಸಾಲದು, ಹೆಚ್ಚುವರಿ ಉದ್ದದ್ದನ್ನೇ ಕೇಳಿ ತರಿಸಬೇಕು. 35ಕ್ಕೆ ಹೆಚ್ಚಿನ ಲಾಂಗ್ ಸ್ಕೇಲ್ ಸೆಟ್‌ಗಳು ಆಗುತ್ತವೆ, ಏಕೆಂದರೆ ಗೂಟಕ್ಕೆ ಸುತ್ತುವ ಖರ್ಚು ಇಲ್ಲಿಲ್ಲ.

ಕ್ಲಿಪ್ ಟ್ಯೂನರ್ ಸಿಕ್ಕಿಸಲು ತಲೆ ಇಲ್ಲ, ಗೋಡೆಯ ಕೊಕ್ಕೆಗೆ ನೇತುಹಾಕಲೂ ಆಗದು. ಪೆಡಲ್ ಟ್ಯೂನರ್, ಒಡಲನ್ನು ಹಿಡಿಯುವ ಸ್ಟ್ಯಾಂಡ್ ಬೇರೆ ಕೊಳ್ಳಬೇಕು. ಮುಂದಿನ ತಿರುಪಿಗೆ ಬೇಕಾದ ಷಡ್ಭುಜದ ಕೀಲಿ ಮನೆಯಲ್ಲಿ ಉಳಿದರೆ ವೇದಿಕೆಯಲ್ಲಿ ತಂತಿ ಕಡಿದಾಗ ಯಾರೂ ನೆರವಿಗೆ ಬರಲಾರರು, ಪಕ್ಕದ ಗಿಟಾರ್ ವಾದಕರ ಬಳಿ ಅದು ಇರುವುದಿಲ್ಲ. ಬಿರಡೆಯೊಂದು ಕೆಟ್ಟರೆ ಫೆಂಡರ್ ಮಾದರಿಯದಕ್ಕೆ ಬೆಂಗಳೂರಿನಲ್ಲೇ ಬದಲಿ ಸಿಗುತ್ತದೆ. ಹೆಡ್‌ಲೆಸ್ ಬ್ರಿಡ್ಜ್ ಮಾತ್ರ ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ, ತೂತಿನ ಅಳತೆಯೇ ಬೇರೆ. ಜರ್ಮನಿಯ ಎಬಿಎಂ, ಅಮೆರಿಕದ ಹಿಪ್‌ಶಾಟ್ ಬಿಡಿಭಾಗಗಳನ್ನು ಬಳಸಿದ ವಾದ್ಯಗಳಿಗೆ ಈ ವಿಷಯದಲ್ಲಿ ಬೆಲೆ ಹೆಚ್ಚು: ವಾದ್ಯ ತಯಾರಿಸಿದ ಕಂಪನಿ ಮಾದರಿಯನ್ನು ನಿಲ್ಲಿಸಿದರೂ ಬಿಡಿಭಾಗ ತಯಾರಿಸಿದ ಕಂಪನಿಯಿಂದ ಅದೇ ಬ್ರಿಡ್ಜನ್ನು ತರಿಸಿಕೊಳ್ಳಬಹುದು.